ಮೈನಸ್ ಎರಡೂ ಕಾಲು

ಮೂರನೇ ಸಾಲಿಗೇ ನಿಂತುಬಿಟ್ಟ ನನ್ನ ಗಾದಿಲಿಂಗ.
ಕೆಳಗ ಇನ್ನೂ ಐದು ಸಾಲು ಇದ್ದವು.
'ಅಲ್ಲಿ ಅಕ್ಷರ ಇಲ್ಲವ್ವ, ಬರೇ ಇರಿವಿ' ಅಂದ.

ಕಣ್ಣಿನ ಮೇಡಮ್ಮು ಚೀಟಿ ಬರದು ಕೇಳಿದರು:
ಫೋನು ಎಷ್ಟೊತ್ತು ಕೊಡ್ತೀರಿ?

ಎಷ್ಟೊತ್ತು ಅಂತ ಹೇಳಲಿ.
ಕೌಲ್ ಬಜಾರದ ನಮ್ಮ ಒಂದೇ ಕೋಣ್ಯಾಗ
ಹೊತ್ತನ್ನ ಜೀನ್ಸಿನಾಗ ಅಳೀತೀನಿ ನಾನು:
ಹತ್ತು ಪ್ಯಾಂಟಿಗೆ ಜಿಪ್ಪು ಕೂಡಿಸೋವಷ್ಟು,
ಇಪ್ಪತ್ತಕ್ಕ ಸೊಂಟಪಟ್ಟಿ,
ಕರೆಂಟು ಹೋತಂದ್ರ ಅದೂ ಲೆಕ್ಕಕ್ಕಿಲ್ಲ.
ಎರಡು ವರ್ಷದವ ಇದ್ದಾಗ
ಮೋಟರಿನ ಬೆಲ್ಟಿಗೆ ಕೈ ಹಾಕಿದ್ದ.
ಉಗುರು ಹೋತು.
ಮರುದಿನ ಫೋನು ಕೊಟ್ಟೆ.
ಬೆರಳು ಉಳದಾವ್ರಿ ಮೇಡಮ್, ಹತ್ತೂ.

ಇಷ್ಟೆಲ್ಲ ಬಾಯಿಗೆ ಬರಲಿಲ್ಲ.
'ಸ್ವಲ್ಪ ಹೊತ್ತರಿ' ಅಂದೆ.

ನಲವತ್ತಕ್ಕ ಬರತೈತಂತ, ಅದಕ್ಕ ಚಾಳೀಸ ಅಂತ ಹೆಸರು.
ಇವನಿಗೆ ಎಂಟು.
ಮೂಗಿನ ಮ್ಯಾಲ ನಿಲ್ಲವಲ್ದು, ಹಿಂದ ದಾರ ಕಟ್ಟೀನಿ,
ಪ್ಯಾಂಟಿಗೆ ಹೊಲಿಯೋ ಅದೇ ಕೇಸರಿ ದಾರ.

ಹಾಕ್ಕೊಂಡು ಮಾಳಿಗಿ ಹತ್ತಿದ. ಒಮ್ಮೆಲೇ ಕೂಗಿದ:
'ಯವ್ವಾ, ಗುಡ್ಡದ ಮ್ಯಾಲ ಗ್ವಾಡಿ ಐತಿ!
ಕಲ್ಲು ಬ್ಯಾರೆ ಬ್ಯಾರೆ ಅದಾವ!'

ಕೋಟೆ ಅದು. ಅದರ ಬುಡಕ್ಕೇ ಹುಟ್ಟಿದವ.
ಇಷ್ಟು ದಿನ ಅದನ್ನ ಏನಂದುಕೊಂಡಿದ್ದನೋ,
ಕೇಳಿಲ್ಲ ನಾನು.

ಸಂಜಿಕ್ಕ ಅರವತ್ತು ಪೀಸು ಒಪ್ಪಿಸಬೇಕು.
ಮ್ಯಾಲಿಂದ ಒಂದೊಂದೇ ಕಲ್ಲು ಎಣಿಸಿ ಒದರತಾನ.
ಮಿಷನ್ನು ನಿಲ್ಲಿಸಿ
ಇಪ್ಪತ್ತಮೂರರ ತನಕ ಕೇಳಿದೆ.
ಆಮೇಲೆ ಪೆಡಲ್ ಒತ್ತಿದೆ.