ಬೀಗದೆಸಳು

ಶಿರಿಯ ಹೊಳೆ ಇಳಿದಿತ್ತು.
ಅರ್ಧ ಗಂಟೆ ಮಾತ್ರ ಎಂದು ಕಾರು ನಿಲ್ಲಿಸಿ
ಮೊಣಕಾಲುದ್ದ ನೀರಲ್ಲಿ ಮರುವಾಯಿ ಹೆಕ್ಕಿದೆವು, ನಾನೂ ವಾರಿಜಳೂ.
ದಡಕ್ಕೆ ಬಂದಾಗ ಗೋಣಿ ಭಾರ,
ಕಿಸೆ ಹಗುರ.

ಕಾರಿನೊಳಗೆ ಐಸಿನ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಪೆರ್ಲದ ಹನ್ನೊಂದು ಜನರ ರಕ್ತ,
ಮಧ್ಯಾಹ್ನದೊಳಗೆ ಮಂಗಳೂರಿನ ಲ್ಯಾಬಿಗೆ ಮುಟ್ಟಬೇಕಾದದ್ದು.
ಯಾರ ಸಕ್ಕರೆ ಎಷ್ಟು, ಯಾರ ಕಾಮಾಲೆ ಇಳಿಯಿತು,
ಎಲ್ಲ ಗಾಜಿನಾಚೆ ನನ್ನನ್ನೇ ನೋಡುತ್ತಿದ್ದ ಹಾಗೆ.

ಪುಣ್ಯಕ್ಕೆ ಹಿಂದಿನ ಗಾಜು ನಾಲ್ಕು ಬೆರಳು ಇಳಿದಿತ್ತು.
ವಾರಿಜ ಬಳೆ ಕಳಚಿ ನನ್ನ ಕೈಗಿಟ್ಟು
ತೋಳು ತೂರಿಸಿ ಚಿಲಕ ಎಳೆದಳು.
ಬೀಗದ ಕೈ ಎಂದರೆ ಇದೇ ಇರಬೇಕು.
ರಕ್ತ ಬಸ್ಸಿನಲ್ಲಿ ಹೋಯಿತು, ಕಂಡಕ್ಟರನ ಕಾಲ ಬಳಿ.

ಶೋರೂಮಿಗೆ ಫೋನು ಮಾಡಿದೆ.
ಹದಿನಾಲ್ಕು ಸಾವಿರ, ಹತ್ತು ದಿನ, ಮುಂಗಡ ಪೂರ್ತಿ.
ಕಾರನ್ನು ಎತ್ತಿ ತರುವ ಖರ್ಚು ಬೇರೆ.
ಶಾಲೆಯಲ್ಲಿ ಅದು ಬೀಗದ ಕೈ,
ನನ್ನ ಅಜ್ಜಿಗೆ ಬೀಗದೆಸಳು,
ಪಕ್ಕದ ಕೊಂಕಣಿಯವರಿಗೆ ಚಾವಿ.
ಆ ಹುಡುಗಿ ಮಾತ್ರ ಅದನ್ನು 'ಯುನಿಟ್' ಎಂದಳು.
ಕಾರೇ ಒಂದೂಕಾಲು ಲಕ್ಷದ್ದು ತಾಯಿ, ಮೂರನೇ ಕೈಯದ್ದು,
ಎನ್ನುವಷ್ಟರಲ್ಲಿ ಸಂಗೀತ ಶುರುವಾಯಿತು.

ಉಪ್ಪಳದ ಬಸ್ ಸ್ಟ್ಯಾಂಡಿನ ಹಿಂದೆ ಅಂದುಞ್ಞಿಯ ಅಂಗಡಿ.
ಬೋರ್ಡಿನ ಮೇಲರ್ಧ ಮಲಯಾಳ, ಹೊಸ ಬಣ್ಣ.
ಕೆಳಗಿನ ಕನ್ನಡದಲ್ಲಿ 'ಬೀಗದ' ಎಂಬಷ್ಟೇ ಉಳಿದು
ಮುಂದಿನದು ಉದುರಿದೆ.
ಕೈಯೋ ಎಸಳೋ, ಬೇಕಾದವರು ತುಂಬಿಕೊಳ್ಳಬಹುದು.

ತಾಕ್ಕೋಲು ಹೋಯಿತಾ, ಎಂದ.
ಆರ್‌ಸಿ ತೋರಿಸು ಮೊದಲು, ಕಳ್ಳರಿಗೆ ನಾನು ಮಾಡಿಕೊಡುವುದಿಲ್ಲ.
ಆಮೇಲೆ ಬೆನ್ನಿಗೆ ಲ್ಯಾಪ್‌ಟಾಪ್ ಏರಿಸಿ
ಸ್ಕೂಟರಿನಲ್ಲಿ ಹೊಳೆಬದಿಗೆ ಬಂದ.
ಬಾಗಿಲ ತೂತಿಗೆ ಕಣ್ಣಿಟ್ಟು, ತೆಳು ಕಡ್ಡಿಯಿಂದ ಹಲ್ಲು ಎಣಿಸಿ,
ಕಬ್ಬಿಣ ಕೊರೆದು, ಒಳಗೊಂದು ಅಕ್ಕಿ ಕಾಳಿನಷ್ಟು ಚಿಪ್ಪು ಕೂರಿಸಿ
ಕೇಳಿದ: ಬಟನ್ ಬೇಕಾ?
ಒತ್ತಿದರೆ ಕೂಗುವುದಕ್ಕೆ ಸಾವಿರದಿನ್ನೂರು ಜಾಸ್ತಿ.
ಕೂಗುವುದು ಬೇಡ, ತಿರುಗಿದರೆ ಸಾಕು.
ಹಾಗಾದರೆ ಎರಡು ಸಾವಿರದ ಎಂಟುನೂರು, ಚಹಾ ನಿನ್ನದು.

ಪರದೆಯ ಮೇಲೆ ಏನೋ ಓಡಿತು. ಅವನ ಹುಬ್ಬು ಏರಿತು.
ಈ ಕಾರಿಗೆ ಮೂರು ಕೀಯ ನೆನಪಿದೆ, ಎಂದ.

ಒಂದು ಹೊಳೆಯಲ್ಲಿ.
ಇನ್ನೊಂದು ಕಾರು ಮಾರಿದ ಹೊಸಂಗಡಿಯ ಡೆಂಟಿಸ್ಟರದ್ದು,
ಎಲ್ಲೋ ಬಿದ್ದುಹೋಯಿತು ಎಂದಿದ್ದರು.
ಮೂರನೆಯದು?
ಯಾವ ಡ್ರಾಯರಿನಲ್ಲಿ, ಯಾರ ಪರ್ಸಿನ ತಳದಲ್ಲಿ
ನನ್ನ ಕಾರನ್ನು ಗುರುತು ಹಿಡಿಯುವ ಆ ಅಕ್ಕಿ ಕಾಳು?
ಐದು ವರ್ಷ ನಾನು ತೊಳೆದು ಒರೆಸಿದ ಗಾಡಿ
ಇಷ್ಟು ದಿನವೂ ಯಾರಿಗೋ ಏಳಲು ತಯಾರಾಗಿತ್ತು.

ಅಳಿಸಲಾ ಎಲ್ಲ, ಎಂದ ಅಂದುಞ್ಞಿ.
ಬೆರಳು ಕೀಲಿಮಣೆಯ ಮೇಲೆ.
ನನಗೇಕೋ ಉತ್ತರ ತಡವಾಯಿತು.
ಅಳಿಸು ಮಾರಾಯ, ಎಂದೆ. ಎಣಿಸಿದಂತೆ ಹತ್ತು ಸೆಕೆಂಡು.
ಎಂಜಿನ್ ಒಮ್ಮೆ ಕೆಮ್ಮಿ, ಎದ್ದಿತು.

ಎರಡು ವಾರ ಕಳೆದು
ಆ ಗೋಣಿಯನ್ನು ಒಗೆಯಲು ತೆಗೆದ ವಾರಿಜ
ಅಂಗಳದಿಂದಲೇ ಕೂಗಿದಳು.
ಹೊಲಿಗೆಯ ಮೂಲೆಯಲ್ಲಿ, ಮರಳು ಕಚ್ಚಿಕೊಂಡು, ಅದೇ.
ಹೊಳೆಗೆ ಬಿದ್ದೇ ಇರಲಿಲ್ಲ.

ಅದಕ್ಕೆ ಬಾಗಿಲು ಈಗಲೂ ತೆರೆಯುತ್ತದೆ,
ದೀಪ ಹತ್ತುತ್ತದೆ, ರೇಡಿಯೋ ಮಾತಾಡುತ್ತದೆ.
ಎಂಜಿನ್ ಮಾತ್ರ ಮುಖ ನೋಡಿ
ನಿಮ್ಮ ಪರಿಚಯವಾಗಲಿಲ್ಲ ಎನ್ನುತ್ತದೆ.
ಎಸೆಯಲು ಹೊರಟೆ. ಅವಳು ಕಿತ್ತುಕೊಂಡಳು.

ಈಗ ಸಂಜೆ ಅನ್ನ ಬೇಯುವ ಹೊತ್ತಿಗೆ
ಡ್ರೈವರ್ ಸೀಟಲ್ಲಿ ಕೂತು, ಬಾಗಿಲು ಹಾಕಿಕೊಂಡು,
ಮಂಗಳೂರು ಆಕಾಶವಾಣಿ ಹಾಕುತ್ತಾಳೆ.
ಸ್ಟಿಯರಿಂಗಿನ ಮೇಲೆ ಎರಡೂ ಕೈ.
ಬ್ಯಾಟರಿ ಇಳಿಯುತ್ತದೆ ಮಾರಾಯ್ತಿ, ಎಂದರೆ
ಗಾಜು ನಾಲ್ಕು ಬೆರಳು ಇಳಿಸಿ ಹೇಳುತ್ತಾಳೆ:
ಇಳಿಯಲಿ.
ನಿನ್ನ ಎರಡು ಸಾವಿರದ ಎಂಟುನೂರು ತಂದು ಏಳಿಸು.