ಕಾಲು ವರ್ಷ

ವಾಲ್ಪರೈಸೊದ ಗುಡ್ಡದ ಬೀದಿಯಲ್ಲಿ
ನನ್ನದು ಬೀಗದ ಕೈ ಕೊರೆಯುವ ಗೂಡು,
ಪಕ್ಕದ್ದು ಎಲ್ಸಿರಾಳ ಕುರ್ಚಿ ಹೆಣೆಯುವ ಅಂಗಡಿ.
ನಡುವೆ ಒಂದೇ ಹಲಗೆ. ಅವಳು ಆಚೆ ಸೀನಿದರೆ
ನಾನು ಈಚೆಯಿಂದ ನೂರು ವರ್ಷ ಬಾಳು ಅನ್ನುತ್ತೇನೆ.

ಮಾರ್ಚ್ ಕೊನೆಗೆ ಪುರಸಭೆಯವರು
ನಮ್ಮಂಥವರನ್ನೆಲ್ಲ ಶಾಲೆಮಕ್ಕಳ ಬೆಂಚಿನಲ್ಲಿ ಕೂರಿಸಿ
ಮೂರು ತಿಂಗಳ ಯೋಜನೆ ಹೇಳಿಕೊಟ್ಟರು.
ಕಲಿಸಲು ಬಂದ ಹುಡುಗ ವರ್ಷವನ್ನು
ಬೋರ್ಡಿನ ಮೇಲೆ ನಾಲ್ಕು ತುಂಡು ಮಾಡಿದ,
ಒಂದೊಂದು ಕಾಲಿಗೆ ಒಂದೊಂದು ಬಣ್ಣ.
"ಗುರಿ ಅಂದರೆ ಅಳತೆಗೆ ಸಿಗಬೇಕು,
ಚೆನ್ನಾಗಿ ನಡೀಬೇಕು ಅಂತೆಲ್ಲ ಬರೀಬೇಡಿ."
ನಾವಿಬ್ಬರೂ ಅದನ್ನೇ ಬರೆದಿದ್ದೆವು.
ಇದ್ದದ್ದು ಒಂದೇ ರಬ್ಬರು.

ಎಲ್ಸಿರಾ ಕೈಯೆತ್ತಿ ಕೇಳಿದಳು:
ನಾಲ್ಕರಲ್ಲಿ ಒಂದು ಕಾಲು ಗಿಡ್ಡವಾದರೆ?
ಹುಡುಗ ನಕ್ಕ. ಅವಳು ನಗಲಿಲ್ಲ.
ದಿನಾ ಅವಳ ಬಾಗಿಲಿಗೆ ಬರುವುದು ಅಂಥವೇ.

ಅವಳ ಹಾಳೆ ಮೊಳೆಗೆ ಚುಚ್ಚಿತ್ತು, ಓದಿದ್ದೇನೆ.
ಜೂನ್ ಮುಗಿಯುವುದರೊಳಗೆ ನಲವತ್ತು ಕುರ್ಚಿ.
ಚಿಂಬರೊಂಗೊದಿಂದ ಕಡ್ಡಿ, ಮಳೆ ಹಿಡಿಯುವ ಮುಂಚೆ.
ಶವಪೆಟ್ಟಿಗೆ ಅಂಗಡಿಯವನ ಹಳೇ ಬಾಕಿ
(ಸತ್ತವರ ಕಡೆಯವರು ಕೊಟ್ಟಿಲ್ಲ ಅನ್ನುತ್ತಾನೆ ಪ್ರತಿ ಸಲ).
ಆಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಸಾಲು:
ಬೆಲೆ.
ಬರೀ ಬೆಲೆ. ಮುಂದೆ ಅಂಕಿ ಇಲ್ಲ.

ನನ್ನ ಹಾಳೆಯೋ, ಮೇಜು ಅಲ್ಲಾಡುತ್ತಿತ್ತು,
ಮಡಿಸಿ ಕಾಲಡಿ ಇಟ್ಟೆ.
ಉಪಯೋಗಕ್ಕೆ ಬಂತು.

ಏಪ್ರಿಲ್ ನಡುವೆ ಒಂದು ಮೋಡದ ಬೆಳಿಗ್ಗೆ
ಹಲಗೆಯಾಚೆ ಮಾತು ಶುರುವಾಯಿತು.
"ಇಪ್ಪತ್ತೆಂಟು ಸಾವಿರ."
ಗಿರಾಕಿ ಬಂದ ಹೆಜ್ಜೆ ಕೇಳಿರಲಿಲ್ಲ ನನಗೆ.
ಮತ್ತೆ, ಗಂಟಲು ಸರಿಮಾಡಿಕೊಂಡು, "ಇಪ್ಪತ್ತೆಂಟು."
ಮತ್ತೆ, "ಇಪ್ಪತ್ತೆಂಟಾಗುತ್ತೆ, ನೋಡಿ ಅಮ್ಮಾ, ಕಡ್ಡಿ ತುಟ್ಟಿ,
ಬಾಡಿಗೆ ಜಾಸ್ತಿ, ಆದರೂ ನಿಮಗೆ ಅಂತ..."
ಕಾರಣ ಹೇಳುತ್ತ ಹೇಳುತ್ತ ಹತ್ತೊಂಬತ್ತಕ್ಕೆ ಇಳಿದಳು.
ಖಾಲಿ ಕುರ್ಚಿಗಳ ಜೊತೆಗೂ ಚೌಕಾಸಿಯಲ್ಲಿ ಸೋತಳು.

ಹನ್ನೊಂದು ವರ್ಷದಿಂದ ಅವಳ ದರ ಹದಿನೆಂಟು ಸಾವಿರ ಪೆಸೊ.
ಬ್ರೆಡ್ಡು ಏರಿದೆ, ಗ್ಯಾಸು ಏರಿದೆ,
ಗುಡ್ಡ ಹತ್ತುವ ಪೆಟ್ಟಿಗೆಗಾಡಿಯ ಟಿಕೆಟು ಏರಿದೆ.
ಆ ಅಂಕಿ ಮಾತ್ರ ಚಿಲ್ಲರೆ ಇಲ್ಲದವರ ಹಾಗೆ
ಕೆಳಗಿನ ನಿಲ್ದಾಣದಲ್ಲೇ ನಿಂತಿದೆ.
ನಾನು ಮೆಷಿನ್ನು ನಿಲ್ಲಿಸಿದೆ, ಅವಳಿಗೆ ಅಡ್ಡಿಯಾಗದಿರಲಿ ಅಂತ.
ಸುಳ್ಳು. ನನಗೆ ಕೇಳಿಸಲಿ ಅಂತ.

ಗುರುವಾರ ಒಬ್ಬ ಮುದುಕ ಬಂದ, ಉದ್ದ ಕೋಟು,
ಬೆನ್ನ ಮೇಲೆ ಹಗ್ಗ ಬಿಗಿದ ಎರಡು ಊಟದ ಕುರ್ಚಿ.
"ಎಷ್ಟು?"
ಹಲಗೆಯಾಚೆ ಏನೂ ಇಲ್ಲ.
ಈಚೆ ನಾನು ತುಟಿ ಆಡಿಸುತ್ತಿದ್ದೆ,
ಮಗಳ ನಾಟಕ ನೋಡುವ ಅಪ್ಪನ ಹಾಗೆ.
"ಒಂದಕ್ಕೆ ಇಪ್ಪತ್ತೆಂಟು ಸಾವಿರ."
"ಸರಿ. ಯಾವತ್ತು ಬರಲಿ?"
ಅಷ್ಟೇ.

ಓಡಿದೆ ನಾನು, ಕೈ ಕುಲುಕೋಣ ಅಂತ.
ಅವಳು ಕಡ್ಡಿ ನೆನೆಸಿದ ತೊಟ್ಟಿಯ ಪಕ್ಕ ಕೂತು
ಗುರಿಯ ಹಾಳೆ ಮಗುಚಿ, ಬೆನ್ನಿಗೆ ಗುಣಾಕಾರ ಹಾಕುತ್ತಿದ್ದಳು.
"ಸರಿ ಅಂದುಬಿಟ್ಟ, ಎವರಿಸ್ತೊ.
ಹೋದ ವರ್ಷ ಕೇಳಿದ್ದರೂ ಸರಿ ಅನ್ನುತ್ತಿದ್ದನಾ?
ಅದರ ಹಿಂದಿನ ವರ್ಷ?"
ಕುರ್ಚಿಗೆ ಹತ್ತು ಸಾವಿರ, ವರ್ಷಕ್ಕೆ ನೂರೈವತ್ತು ಕುರ್ಚಿ.
ಹಿಂದಕ್ಕೆ ಹಿಂದಕ್ಕೆ ಹೋದ ಪೆನ್ಸಿಲು
ಅವಳ ತಾಯಿ ಹಾಸಿಗೆ ಹಿಡಿದ ವರ್ಷದ ಹತ್ತಿರ ನಿಂತಿತು.
ನನಗೆ ಹೇಳಲು ಏನೂ ಸಿಗಲಿಲ್ಲ.
ಲೆಕ್ಕ ತಪ್ಪಿರಲಿಲ್ಲ.

ತೊಟ್ಟಿಯಲ್ಲಿ ಕಡ್ಡಿ ಮೆತ್ತಗಾಗಿತ್ತು,
ಇನ್ನು ಬಿಟ್ಟರೆ ಕಪ್ಪಾಗುತ್ತದೆ.
"ಈ ತುದಿ ಹಿಡಿ," ಅಂದಳು.
ಹಿಡಿದೆ.

ಸಂಜೆ ಮೇಜಿನ ಕಾಲಡಿಯಿಂದ ಹಾಳೆ ಎಳೆದೆ.
ಮೇಜು ಕುಂಟಿತು. ಮಡಿಕೆ ಬಿಡಿಸಿ,
ಹಲಗೆಗೆ ಬೆನ್ನು ಮಾಡಿ ನಿಂತು
ಒಂದು ಬೀಗದ ಕೈಗೆ ಎಷ್ಟು ಅಂತ
ಮೆಲ್ಲಗೆ ಹೇಳಿ ನೋಡಿದೆ.
ಆಚೆಯಿಂದ ಬಂತು:
"ಗಟ್ಟಿಯಾಗಿ."