ಎಡಬಲ

ಕೂತುಕೋ ದೆಬ್ತೆರಾ, ಚಾಪೆ ಅಲ್ಲಿದೆ.
ಬೀಜ ಹುರಿದಾಗುವವರೆಗೆ ತಾಳು, ಹೊಗೆಯನ್ನೊಮ್ಮೆ ಮೂಸು,
ಆಮೇಲೆ ಕೇಳು ನೀನು ಕೇಳಬಂದದ್ದು.
ಬಂದವರೆಲ್ಲ ಅದನ್ನೇ ಕೇಳುತ್ತಾರೆ:
ಲಿಜ್ ಬೆಜಾಬಿಗೆ ಹುಚ್ಚು ಹಿಡಿದಿತ್ತೋ,
ಹುಚ್ಚನ್ನು ಅವನು ಹಿಡಿದುಕೊಂಡಿದ್ದನೋ?

ನಾನಾಗ ಹದಿನಾಲ್ಕರವಳು. ಗೊಂದರದಾಚೆ
ದಿಬ್ಬದ ಮೇಲಿನ ದೊಡ್ಡಮನೆಯಲ್ಲಿ
ಕಾಫಿ ಬಗ್ಗಿಸುವ ಕೆಲಸ. ಬಗ್ಗಿಸುವವಳ ಮುಖ
ಯಾರೂ ನೋಡುವುದಿಲ್ಲ. ಅವಳು ಎಲ್ಲರನ್ನೂ ನೋಡುತ್ತಾಳೆ.

ಬೇಟೆಗೆ ಹೋದ ಅವನ ಅಪ್ಪ ಜಮಖಾನೆಯಲ್ಲಿ ಸುತ್ತಿಕೊಂಡು ಬಂದರು.
ಕಾಡೆಮ್ಮೆಗೆ ಗುರಿಯಿಟ್ಟ ಗುಂಡಂತೆ. ಹಾಗೆಂದವನು ತಮ್ಮ,
ದೆಜಾಜ್ ಮೆರ್ಶಾ. ನಲವತ್ತನೆಯ ದಿನದ ಊಟಕ್ಕಾಗಲೇ
ಅಣ್ಣನ ಪೀಠದಲ್ಲಿ ಅಣ್ಣನ ಬಿಳಿ ಗಾಬಿ ಹೊದ್ದು ಕೂತಿದ್ದ.
ಆ ಊಟಕ್ಕೇ ಹುಡುಗ ಬಂದದ್ದು,
ಮಸ್ಸಾವಾ ಬಂದರಿನಿಂದ ತರಿಸಿದ ಬೂಟು
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಬಾಗಿಲಲ್ಲಿ ನಿಂತು ಒಂದೇ ಮಾತು: ಅರಸಬೇಡ.

ಪಾಪ, ಹುಡುಕಬೇಡ ಅನ್ನುತ್ತಿದ್ದಾನೆ, ಅಂದರು ಹೆಂಗಸರು,
ಅಪ್ಪನನ್ನು ಹುಡುಕಬೇಡ ಅಂತ ತನಗೆ ತಾನೇ.
ಅಲ್ಲ, ಅರಸ, ಬೇಡ! ತಡೆಯುತ್ತಿದ್ದಾನೆ, ಅಂದ ಒಬ್ಬ ಮುದುಕ.
ಮೆರ್ಶಾನ ಕೈತುತ್ತು ಮಾತ್ರ ಅಲ್ಲೇ ನಿಂತಿತು.
ಅವನಿಗೆ ಮೂರನೆಯದು ಕೇಳಿಸಿತ್ತು:
ಅರಸ ಬೇಡ. ಬೇಟೆಯಾಡುವ ಬೇಡ.

ನಿಮ್ಮ ಪಾಠಶಾಲೆಯಲ್ಲಿ ಇದಕ್ಕೆ ಹೆಸರುಂಟಲ್ಲ,
ಮೇಣ ಮತ್ತು ಚಿನ್ನ. ಮೇಲಿನ ಅರ್ಥ ಮೇಣ,
ಕರಗಿಸಿದರೆ ಒಳಗೆ ಚಿನ್ನ. ನಿನ್ನ ಕಣ್ಣು ಮಿನುಗಿದ್ದು ನೋಡಿದೆ.
ಹುಚ್ಚು ಮೇಣ, ಸೇಡು ಚಿನ್ನ ಅಂತ ಬರೆದೇಬಿಡುತ್ತೀಯ.
ಮೊದಲು ಬಟ್ಟಲು ಮುಗಿಸು. ಇದು ಎರಡನೆಯ ಸುತ್ತು.

ನೋಡುವವರಿದ್ದಾಗ ಬೂಟು ಅದಲುಬದಲು, ಸರಿ.
ಲಾಯದಲ್ಲಿ, ನಡುರಾತ್ರಿ, ಬೇಲಿಯಾಚೆ ಕತ್ತೆಕಿರುಬ ಕೂಗುವಾಗ,
ಕುದುರೆಗಳಲ್ಲದೆ ಯಾರೂ ಇಲ್ಲದಲ್ಲಿ
ಆಗಲೂ ಅದಲುಬದಲು. ಕುದುರೆಗೆ ಯಾಕೆ ನಾಟಕ?
ಅಥವಾ ನಾನು ಕದದ ಸಂದಿಯಲ್ಲಿರುವುದು ಗೊತ್ತಿತ್ತೇ?
ಗೊತ್ತಿಲ್ಲ. ಅರವತ್ತು ವರ್ಷದಿಂದ ಗೊತ್ತಿಲ್ಲ.

ಇನ್ನೊಂದು ರಾತ್ರಿ. ಇದನ್ನು ಯಾರಿಗೂ ಹೇಳಿಲ್ಲ.
ಮೆರ್ಶಾ ಜೇನುಮದ್ಯ ಕುಡಿದು ಅಂಗಾತ ಬಿದ್ದಿದ್ದ.
ಹುಡುಗ ಬಂದ. ಕೈಯಲ್ಲಿ ಅಪ್ಪನ ಬಾಗುಗತ್ತಿ.
ತುಂಬ ಹೊತ್ತು ನಿಂತ. ನನ್ನ ಉಸಿರನ್ನು ನಾನೇ ಎಣಿಸಿದೆ.
ಆಮೇಲೆ ಬಗ್ಗಿ, ಮಂಚದ ಕೆಳಗಿದ್ದ ಚಿಕ್ಕಪ್ಪನ ಬೂಟುಗಳನ್ನು
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ
ನಾಜೂಕಾಗಿ ಜೋಡಿಸಿಟ್ಟು ಹೋದ.

ಜಾಣನಾದರೆ ಕೊಲ್ಲುತ್ತಿದ್ದ. ಹುಚ್ಚನಾದರೂ ಕೊಲ್ಲುತ್ತಿದ್ದ.

ಬೆಳಗ್ಗೆ ಮೆರ್ಶಾ ಬೂಟು ನೋಡಿದ, ಗೋಡೆ ನೋಡಿದ,
ತನ್ನ ಕುತ್ತಿಗೆ ಮುಟ್ಟಿಕೊಂಡ.
ಮಧ್ಯಾಹ್ನಕ್ಕೆ ಸಂಕೋಲೆ, ಬೆಟ್ಟದ ತೀರ್ಥದ ಬುಗ್ಗೆ,
ದೆವ್ವ ಬಿಡಿಸುವ ಪಾದ್ರಿಗಳು, ಕೊರೆಯುವ ಮುಂಜಾನೆಯ ನೀರು.
ಏಳು ಮಳೆಗಾಲ.

ಮೆರ್ಶಾ ಜ್ವರದಲ್ಲಿ ಸತ್ತ ಮೇಲೆ ಹಿರಿಯರು
ಜೀನು ಕಟ್ಟಿದ ಕುದುರೆಯೊಡನೆ ಹೋದರು:
ಒಡೆಯಾ, ಇನ್ನು ಸಾಕು, ಹೆದರಬೇಕಾದವರು ಯಾರೂ ಉಳಿದಿಲ್ಲ,
ಕಳಚಿಬಿಡಿ.
ಅವನು ಕೇಳಿದನಂತೆ: ಏನನ್ನು?

ನನ್ನಣ್ಣ ಯಿಮರ್ ಶಿಲುಬೆ ಎರಕ ಹೊಯ್ಯುವವನು.
ಅವನನ್ನು ಕೇಳಿದರೆ, ಓದಿದವರಿಗೆ ಕುಲುಮೆ ಗೊತ್ತಿಲ್ಲ.
ಮೇಣದೊಳಗೆ ಚಿನ್ನ ಅಡಗಿ ಕೂತಿರುವುದಿಲ್ಲ.
ಮೊದಲು ಬರೀ ಮೇಣ. ಸುತ್ತ ಮಣ್ಣು, ಕೆಳಗೆ ಬೆಂಕಿ.
ಮೇಣ ಹರಿದುಹೋದ ಟೊಳ್ಳಿಗೆ ಆಮೇಲೆ
ಲೋಹ ಬಂದು ಕೂರುತ್ತದೆ, ಮೇಣ ಕೂತಿದ್ದ ಹಾಗೆಯೇ.

ಅದನ್ನು ಬರೆದುಕೊಳ್ಳಬೇಡ, ಅಣ್ಣನಿಗೆ ಮಾತಿನ ಚಪಲ.
ಬರೆಯುವುದಿದ್ದರೆ ಇದನ್ನು ಬರೆ:
ಕೊನೆಗೆ ಅವನ ಕಾಲು ತೊಳೆದವಳು ನಾನು,
ಅಸ್ನಾಕೆಚ್, ಬಟ್ಟಲು ತೊಳೆಯುವ ಇದೇ ಕೈಯಿಂದ.
ಹೆಬ್ಬೆರಳುಗಳೆರಡೂ ಕಿರುಬೆರಳ ಕಡೆಗೆ ಹೊರಳಿದ್ದವು.
ಎಡ ಯಾವುದು, ಬಲ ಯಾವುದು,
ಒಂದು ಗಳಿಗೆ ನನಗೇ ತಿಳಿಯಲಿಲ್ಲ.
ಆ ದಿನವಾದರೂ ಸರಿಯಾಗಿರಲಿ ಅಂತ
ಬೂಟನ್ನು ಸರಿಯಾದ ಕಾಲಿಗೆ ತೊಡಿಸಲು ನೋಡಿದೆ.

ಹಿಡಿಸಲಿಲ್ಲ.